ಶಿಕ್ಷೆಗೂ ಒಂದು ನ್ಯಾಯವಿರಲಿ ಎಂದ ಬೆಕಾರಿಯಾ

ಇಟಲಿಯ ಮಿಲಾನ್ ನಗರದ ಕುಲೀನ ಮನೆತನವೊಂದರಲ್ಲಿ 1738ರ ಮಾರ್ಚ್ 15ರಂದು ಚೆಸಾರೆ ಬೆಕಾರಿಯಾ ಜನಿಸಿದರು. ಪಾರ್ಮಾದಲ್ಲಿ ಶಾಲಾ ಶಿಕ್ಷಣ ಮುಗಿಸಿ, 1758ರಲ್ಲಿ ಪಾವಿಯಾ ವಿಶ್ವವಿದ್ಯಾನಿಲಯದಿಂದ ಕಾನೂನು ಪದವಿ ಪಡೆದರು.

ಮಿಲಾನಿನಲ್ಲಿ ಅವರಿಗೆ ವೆರ್ರಿ ಸಹೋದರರ ಸ್ನೇಹ ದೊರೆಯಿತು. ಅವರಲ್ಲಿ ಕಿರಿಯರಾದ ಅಲೆಸ್ಸಾಂದ್ರೊ ಸೆರೆಯಾಳುಗಳ ಹಿತ ನೋಡಿಕೊಳ್ಳುವ ಅಧಿಕಾರಿಯಾಗಿದ್ದರು. ಅವರ ಮೂಲಕ ಬೆಕಾರಿಯಾ ಸೆರೆಮನೆಗಳ ಸ್ಥಿತಿಯನ್ನು ಅರಿತರು. ಆ ಕಾಲದ ಯೂರೋಪಿನ ಅನೇಕ ದೇಶಗಳಲ್ಲಿ ಆರೋಪಿಗೆ ಚಿತ್ರಹಿಂಸೆ ಕೊಟ್ಟು ತಪ್ಪೊಪ್ಪಿಗೆ ಪಡೆಯುವುದು ಕಾನೂನಿಗೆ ಸಮ್ಮತವಾಗಿತ್ತು. ಕಳ್ಳತನಕ್ಕೂ ಮರಣದಂಡನೆ ವಿಧಿಸಲಾಗುತ್ತಿತ್ತು. ನೆಗಡಿಯಾದರೆ ಮೂಗು ಕೊಯ್ದಂತೆ!

1764ರಲ್ಲಿ, ತಮ್ಮ 26ನೆಯ ವಯಸ್ಸಿನಲ್ಲಿ, ಬೆಕಾರಿಯಾ ಅಪರಾಧ ಮತ್ತು ಶಿಕ್ಷೆಗಳ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದರು. ಭಯದಿಂದ ತಮ್ಮ ಹೆಸರನ್ನು ಹಾಕಲಿಲ್ಲ. ಅವರ ವಾದ ಸರಳವಾಗಿತ್ತು. ಚಿತ್ರಹಿಂಸೆಯಲ್ಲಿ ಗಟ್ಟಿ ದೇಹದ ಅಪರಾಧಿ ನೋವು ತಡೆದುಕೊಂಡು ಪಾರಾಗುತ್ತಾನೆ. ದುರ್ಬಲನಾದ ನಿರಪರಾಧಿ ಮಾಡದ ತಪ್ಪನ್ನು ಒಪ್ಪಿಕೊಳ್ಳುತ್ತಾನೆ. ಶಿಕ್ಷೆ ಇರುವುದು ಸೇಡಿಗಾಗಿ ಅಲ್ಲ, ಮುಂದೆ ಅಪರಾಧ ನಡೆಯದಂತೆ ತಡೆಯಲು. ಶಿಕ್ಷೆ ಕ್ರೂರವಾಗಿರುವುದಕ್ಕಿಂತ ಖಚಿತವಾಗಿ, ಬೇಗನೆ ಆಗುವುದು ಮುಖ್ಯ. ಕಾನೂನು ಜನರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಸಿರಿವಂತನಿಗೂ ಬಡವನಿಗೂ ಒಂದೇ ಆಗಿರಬೇಕು. ಮರಣದಂಡನೆಯನ್ನೂ ಅವರು ವಿರೋಧಿಸಿದರು.

1766ರಲ್ಲಿ ಕ್ಯಾಥೋಲಿಕ್ ಚರ್ಚು ಈ ಪುಸ್ತಕವನ್ನು ನಿಷೇಧಿತ ಗ್ರಂಥಗಳ ಪಟ್ಟಿಗೆ ಸೇರಿಸಿತು. ಆದರೂ ಅದು ಯೂರೋಪಿನಲ್ಲೆಲ್ಲ ಹರಡಿತು. ಫ್ರಾನ್ಸಿನ ವಾಲ್ಟೇರ್ ಅದಕ್ಕೆ ವ್ಯಾಖ್ಯಾನ ಬರೆದರು. 1786ರಲ್ಲಿ ಟಸ್ಕನಿಯ ದೊರೆ ಲಿಯೋಪೋಲ್ಡ್ ತನ್ನ ರಾಜ್ಯದಲ್ಲಿ ಚಿತ್ರಹಿಂಸೆಯನ್ನೂ ಮರಣದಂಡನೆಯನ್ನೂ ರದ್ದುಪಡಿಸಿದ.

ಈ ವಿಚಾರದ ಎಳೆ ನಮ್ಮ ಭಾರತದವರೆಗೂ ಬಂದಿದೆ. ಬೆಕಾರಿಯಾರಿಂದ ಸ್ಫೂರ್ತಿ ಪಡೆದವರು ಇಂಗ್ಲೆಂಡಿನ ಜೆರೆಮಿ ಬೆಂಥಮ್. ಬೆಂಥಮರ ಪ್ರಭಾವ ಮೆಕಾಲೆಯವರ ಮೇಲಾಯಿತು. ಮೆಕಾಲೆ ನೇತೃತ್ವದ ಆಯೋಗ 1837ರಲ್ಲಿ ಭಾರತೀಯ ದಂಡ ಸಂಹಿತೆಯ ಕರಡನ್ನು ಸಿದ್ಧಪಡಿಸಿತು. 1860ರಲ್ಲಿ ಅಂಗೀಕಾರವಾದ ಆ ಸಂಹಿತೆ 1862ರಿಂದ ಜಾರಿಯಲ್ಲಿತ್ತು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಅದರ ಸ್ಥಾನಕ್ಕೆ ಬಂದಿತು. ಮರಣದಂಡನೆ ಎರಡರಲ್ಲೂ ಉಳಿದಿದೆ. ಬೆಕಾರಿಯಾ ಎತ್ತಿದ ಆ ಪ್ರಶ್ನೆ ಇನ್ನೂ ಮುಗಿದಿಲ್ಲ.

1794ರ ನವೆಂಬರ್ 28ರಂದು ಅವರು ಮಿಲಾನಿನಲ್ಲಿ ನಿಧನರಾದರು.

ವಿದ್ಯಾರ್ಥಿಗಳೇ, ತರಗತಿಯಲ್ಲಿ ಯಾರದೋ ಪೆನ್ನು ಕಳೆದರೆ ಒಬ್ಬನನ್ನು ಗದರಿಸಿ ಒಪ್ಪಿಸುವುದು ಸುಲಭ. ಆದರೆ ಹೆದರಿ ಒಪ್ಪಿಕೊಂಡವನೇ ಕಳ್ಳನೆಂದು ಹೇಳಲಾದೀತೇ? ಪೋಷಕರೂ ಶಿಕ್ಷಕರೂ ಸಹ ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು.