ಕರ್ನಲ್ ಕಾಲಿನ್ ಮೆಕೆಂಜಿ: ಮೈಸೂರು ಮೋಜಣಿಯ ಅಧಿಕಾರಿ ಹಾಗೂ ದಾಖಲೆಗಳ ಸಂಗ್ರಾಹಕ

ಭಾರತದ ಪ್ರಥಮ ಸರ್ವೇಯರ್ ಜನರಲ್ ಆಗಿ ಕಾರ್ಯನಿರ್ವಹಿಸಿದ ಕರ್ನಲ್ ಕಾಲಿನ್ ಮೆಕೆಂಜಿಯವರು ಮೈಸೂರು ಪ್ರಾಂತದ ವಿಸ್ತಾರವಾದ ಮೋಜಣಿಯನ್ನು ನಡೆಸಿದವರು. ನೆಲವನ್ನು ಅಳೆಯುವುದರ ಜೊತೆಗೆ ಆ ನೆಲದ ಚರಿತ್ರೆಯನ್ನೂ ಸಂಗ್ರಹಿಸಿದ ಇವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಆರಂಭಿಕ ಜೀವನ

ಮೆಕೆಂಜಿಯವರು ಸುಮಾರು 1754ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟೋರ್ನೊವೇ ಪಟ್ಟಣದಲ್ಲಿ ಜನಿಸಿದರು. ಕೆಲಕಾಲ ಅಲ್ಲಿಯ ಸುಂಕದ ಕಛೇರಿಯಲ್ಲಿ ಸೇವೆ ಸಲ್ಲಿಸಿ, 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆಗೆ ಸೇರಿ ಮದರಾಸಿಗೆ ಬಂದರು. ಗಣಿತದಲ್ಲಿ ಅವರಿಗೆ ವಿಶೇಷ ಆಸಕ್ತಿಯಿತ್ತು. ಆದರೆ ಮೊದಲ 13 ವರ್ಷಗಳು ಯುದ್ಧ ಹಾಗೂ ಪ್ರಯಾಣಗಳಲ್ಲಿಯೇ ಕಳೆದುಹೋದವೆಂಬ ವ್ಯಥೆ ಅವರಲ್ಲಿ ಕೊನೆಯವರೆಗೂ ಉಳಿದಿತ್ತು. 1792 ಮತ್ತು 1799ರ ಶ್ರೀರಂಗಪಟ್ಟಣದ ಮುತ್ತಿಗೆಗಳೆರಡರಲ್ಲಿಯೂ ಅವರು ಎಂಜಿನಿಯರ್ ಆಗಿ ಕರ್ತವ್ಯ ನಿರ್ವಹಿಸಿದರು.

ಮೈಸೂರು ಮೋಜಣಿ

1799ರಲ್ಲಿ ಟಿಪ್ಪು ಸುಲ್ತಾನರ ಮರಣಾನಂತರ ರಾಜ್ಯದ ಪ್ರದೇಶಗಳು ಹಂಚಿಕೆಯಾದವು. ಹೊಸ ಗಡಿಗಳನ್ನು ಗುರುತಿಸುವ ಅಗತ್ಯವುಂಟಾಗಿ, ಮೋಜಣಿಯ ಹೊಣೆಯನ್ನು ಮೆಕೆಂಜಿಯವರಿಗೆ ವಹಿಸಲಾಯಿತು. ಸುಮಾರು ಹತ್ತು ವರ್ಷಗಳಲ್ಲಿ 40,000 ಚದರ ಮೈಲಿಗೂ ಮೀರಿದ ಪ್ರದೇಶದ ಅಳತೆ ನಡೆಯಿತು. ಇದು ಹಿಡುವಳಿವಾರು ಸರ್ವೆ ನಂಬರು ನೀಡುವ ಅಳತೆಯಾಗಿರಲಿಲ್ಲ. ತ್ರಿಕೋನಮಾಪನದ ಆಧಾರದ ಮೇಲೆ ಗಡಿ, ಗ್ರಾಮ, ಕೋಟೆ, ಕೆರೆ, ನದಿ ಹಾಗೂ ದಾರಿಗಳನ್ನು ನಕ್ಷೆಯಲ್ಲಿ ದಾಖಲಿಸುವ ಕಾರ್ಯವಾಗಿತ್ತು.

ಇದರೊಂದಿಗೆ ಊರೂರುಗಳ ಶಾಸನಗಳ ಪ್ರತಿ, ತಾಳೆಗರಿ, ಕಡತ ಮತ್ತು ನಾಣ್ಯಗಳನ್ನು ಸಂಗ್ರಹಿಸಲಾಯಿತು. ಗ್ರಾಮದ ಹಿರಿಯರು, ಶಾನುಭೋಗರು ಹಾಗೂ ಮಠ-ದೇವಾಲಯಗಳವರು ನೀಡಿದ ವಿವರಗಳನ್ನು ಬರೆಸಿಕೊಳ್ಳಲಾಯಿತು. ಇಂತಹ ಸ್ಥಳೀಯ ವೃತ್ತಾಂತಗಳಿಗೆ ಕೈಫಿಯತ್ತುಗಳೆಂದು ಹೆಸರು.

ಸಹಾಯಕ ವಿದ್ವಾಂಸರು

ಮೆಕೆಂಜಿಯವರು ಭಾರತದ ಯಾವ ಭಾಷೆಯನ್ನೂ ಕಲಿತವರಲ್ಲ. ಆದ್ದರಿಂದ ಈ ಕಾರ್ಯವು ಸ್ಥಳೀಯ ವಿದ್ವಾಂಸರ ಶ್ರಮವನ್ನೇ ಅವಲಂಬಿಸಿತ್ತು. ತೆಲುಗು ಮನೆಮಾತಿನ ಕಾವಲಿ ವೆಂಕಟ ಬೋರಯ್ಯನವರು ಶಾಸನ ಸಂಗ್ರಹಣೆಗೆ ದಾರಿ ಹಾಕಿಕೊಟ್ಟು, 1803ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ನಿಧನರಾದರು. ಭಾರತೀಯ ವಿದ್ಯೆಯ ಬಾಗಿಲನ್ನು ತಮಗೆ ತೆರೆದವರು ಬೋರಯ್ಯನವರೆಂದು ಮೆಕೆಂಜಿಯವರೇ ಸ್ಮರಿಸಿದ್ದಾರೆ. ನಂತರ ಅವರ ಸಹೋದರ ಲಕ್ಷ್ಮಯ್ಯನವರು ಸಹಾಯಕರ ಮುಖ್ಯಸ್ಥರಾದರು. ಮಲೆಯೂರಿನ ಜೈನ ವಿದ್ವಾಂಸ ಧರ್ಮಯ್ಯನವರು ಹಳಗನ್ನಡ ಶಾಸನಗಳನ್ನು ಓದುವುದರಲ್ಲಿ ನಿಪುಣರಾಗಿದ್ದರು. 1816ರಲ್ಲಿ ಥಾಮಸ್ ಹಿಕ್ಕಿ ಎಂಬ ಕಲಾವಿದರು ರಚಿಸಿದ ವರ್ಣಚಿತ್ರದಲ್ಲಿ ಮೆಕೆಂಜಿಯವರೊಂದಿಗೆ ಮೂವರು ಭಾರತೀಯ ಸಹಾಯಕರನ್ನೂ ಚಿತ್ರಿಸಲಾಗಿದೆ.

ಕೊನೆಯ ದಿನಗಳು

1811ರಿಂದ ಸುಮಾರು ಎರಡು ವರ್ಷ ಜಾವಾ ದ್ವೀಪದಲ್ಲಿದ್ದು ಮರಳಿದ ಮೆಕೆಂಜಿಯವರು 1815ರಲ್ಲಿ ಭಾರತದ ಸರ್ವೇಯರ್ ಜನರಲ್ ಆಗಿ ನೇಮಕಗೊಂಡರು. ಸಂಗ್ರಹವನ್ನು ಕ್ರಮಪಡಿಸಿ ದಕ್ಷಿಣ ಭಾರತದ ಚರಿತ್ರೆಗೆ ಅಣಿಗೊಳಿಸಬೇಕೆಂಬ ಅವರ ಆಶಯ ಕೈಗೂಡಲಿಲ್ಲ. 1821ರ ಮೇ 8ರಂದು ಕಲ್ಕತ್ತೆಯ ಸಮೀಪ ಅವರು ನಿಧನರಾದರು. ಸರ್ಕಾರವು ಅವರ ಪತ್ನಿಯಿಂದ ಸಂಗ್ರಹವನ್ನು ಖರೀದಿಸಿತು. 1828ರಲ್ಲಿ ಪ್ರಕಟವಾದ ಎಚ್.ಎಚ್. ವಿಲ್ಸನ್ ಅವರ ಪಟ್ಟಿಯಂತೆ ಅದರಲ್ಲಿ 1,568 ಹಸ್ತಪ್ರತಿಗಳು, 2,070 ಸ್ಥಳೀಯ ವೃತ್ತಾಂತಗಳು, 8,076 ಶಾಸನಗಳು ಹಾಗೂ 6,218 ನಾಣ್ಯಗಳಿದ್ದವು.

ಅಪೂರ್ಣವಾಗಿ ಉಳಿದ ಕಾರ್ಯವನ್ನು ಮುಂದುವರಿಸಲು ಅವಕಾಶ ಕೋರಿ ಲಕ್ಷ್ಮಯ್ಯನವರು ಸಲ್ಲಿಸಿದ ಮನವಿಯು 1830ರ ದಶಕದಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಮುಂದೆ ಬಂದಾಗ ಪುರಸ್ಕೃತವಾಗಲಿಲ್ಲ. ದೀರ್ಘಕಾಲ ಆ ಕಡತಗಳ ನಡುವೆಯೇ ದುಡಿದವರಿಗೆ ಅರ್ಹತೆ ಸಾಲದೆಂದು ಭಾವಿಸಲಾಯಿತು. ಹಸ್ತಪ್ರತಿಗಳ ಪರಿಶೀಲನೆಯ ಕಾರ್ಯವು ವಿಲಿಯಂ ಟೇಲರ್ ಎಂಬ ಪಾದ್ರಿಯವರ ಪಾಲಾಯಿತು.

ಸಂಗ್ರಹದ ಇಂದಿನ ನೆಲೆ

ಸಂಗ್ರಹವು ಲಂಡನ್ ಹಾಗೂ ಚೆನ್ನೈ ಮೊದಲಾದೆಡೆ ಹಂಚಿಹೋಗಿದೆ. ಕನ್ನಡ ಕೈಫಿಯತ್ತುಗಳನ್ನು ಡಾ. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಪ್ರಕಟಿಸಿದೆ. ಮೆಕೆಂಜಿಯವರ ಹುಟ್ಟೂರಾದ ಸ್ಟೋರ್ನೊವೇಯಲ್ಲಿ ದ್ವೀಪಗಳ ಚರಿತ್ರೆಗೆ ಮೀಸಲಾದ ಮ್ಯೂಸಿಯಂ ನನ್ ಎಲಾನ್ ಎಂಬ ವಸ್ತುಸಂಗ್ರಹಾಲಯವಿದೆ. 2017ರಲ್ಲಿ ಲಂಡನ್ನಿನ ಸಂಸ್ಥೆಗಳಿಂದ ಎರವಲು ತಂದ ಸಂಗ್ರಹದ ವಸ್ತುಗಳನ್ನು ಅಲ್ಲಿ ಪ್ರದರ್ಶಿಸಲಾಯಿತು.

ತಮ್ಮ ಗ್ರಾಮದ ಹಿಂದಿನ ಚರಿತ್ರೆಯನ್ನು ತಿಳಿಯಬಯಸುವ ನಾಗರಿಕರಿಗೆ ಈ ಕೈಫಿಯತ್ತುಗಳು ಉಪಯುಕ್ತವಾಗಿವೆ. ಅವುಗಳನ್ನು ಓದುವಾಗ ಬರೆಸಿದ ಅಧಿಕಾರಿಯೊಂದಿಗೆ, ಬರೆದುಕೊಂಡ ಬೋರಯ್ಯ, ಲಕ್ಷ್ಮಯ್ಯ, ಧರ್ಮಯ್ಯ ಮೊದಲಾದವರನ್ನೂ, ಹೇಳಿ ಬರೆಸಿದ ಹಳ್ಳಿಗಳ ಹಿರಿಯರನ್ನೂ ಸ್ಮರಿಸುವುದು ಉಚಿತ.