ಕಡಲಿಗಿಳಿವ ಮೆಟ್ಟಿಲು: ವಾಲ್ಟರ್ ಬೆಂಜಮಿನ್ ಕೊನೆಯ ದಾರಿ

ಸ್ಪೇನಿನ ಈಶಾನ್ಯ ಮೂಲೆಯಲ್ಲಿ, ಫ್ರಾನ್ಸ್ ಗಡಿಗೆ ತಾಗಿಕೊಂಡಂತೆ ಪೋರ್ಟ್‌ಬೌ ಎಂಬ ಪುಟ್ಟ ಊರಿದೆ. ಒಂದು ಕಡೆ ಪಿರೆನೀಸ್ ಪರ್ವತದ ಇಳಿಜಾರು, ಇನ್ನೊಂದು ಕಡೆ ಮೆಡಿಟರೇನಿಯನ್ ಸಮುದ್ರ. ಊರಿನ ಸ್ಮಶಾನದ ಬಾಗಿಲ ಬಳಿ ತುಕ್ಕುಬಣ್ಣದ ಉಕ್ಕಿನ ಸುರಂಗವೊಂದು ಬಂಡೆಯನ್ನು ಸೀಳಿ ಕೆಳಗಿಳಿಯುತ್ತದೆ. ಅದರೊಳಗಿನ ಮೆಟ್ಟಿಲುಗಳು ಕಡಲತ್ತ ಸಾಗುತ್ತವೆ. ಆದರೆ ಇಳಿದವರು ಕಡಲನ್ನು ಮುಟ್ಟಲಾರರು. ನಡುವೆ ಗಾಜು ಅಡ್ಡ ನಿಂತಿದೆ. ಗಾಜಿನಾಚೆ ಬಂಡೆಗೆ ಬಡಿದು ಸುಳಿ ಸುತ್ತುವ ನೀರು. ಇದು ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ ಅವರ ಸ್ಮಾರಕ.

ಬೆಂಜಮಿನ್ ಜನಿಸಿದ್ದು 1892ರ ಜುಲೈ 15ರಂದು, ಬರ್ಲಿನ್ ನಗರದ ಸಿರಿವಂತ ಯಹೂದಿ ಕುಟುಂಬದಲ್ಲಿ. ತಂದೆ ಪ್ರಾಚೀನ ಕಲಾವಸ್ತುಗಳ ವ್ಯಾಪಾರಿ. 1919ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಅವರು ಅಧ್ಯಾಪಕ ವೃತ್ತಿಯ ಕನಸು ಕಂಡಿದ್ದರು. ಆದರೆ ಜರ್ಮನ್ ದುರಂತ ನಾಟಕಗಳ ಕುರಿತ ಅವರ ಪ್ರಬಂಧವನ್ನು ಫ್ರಾಂಕ್‌ಫರ್ಟ್ ವಿಶ್ವವಿದ್ಯಾಲಯ 1925ರಲ್ಲಿ ಒಪ್ಪಲಿಲ್ಲ. ಅಲ್ಲಿಂದ ಮುಂದೆ ಪತ್ರಿಕಾ ಲೇಖನ, ಅನುವಾದ, ರೇಡಿಯೊ ಭಾಷಣಗಳೇ ಜೀವನಕ್ಕೆ ಆಧಾರವಾದವು. ನಾಟಕಕಾರ ಬರ್ಟೋಲ್ಟ್ ಬ್ರೆಕ್ಟ್, ತತ್ವಜ್ಞಾನಿ ಥಿಯೊಡೋರ್ ಅಡೋರ್ನೊ, ಯಹೂದಿ ಅನುಭಾವದ ವಿದ್ವಾಂಸ ಗರ್ಶೋಮ್ ಶೋಲೆಮ್ ಅವರ ಒಡನಾಡಿಗಳಾಗಿದ್ದರು.

1933ರಲ್ಲಿ ಹಿಟ್ಲರ್ ಅಧಿಕಾರ ಹಿಡಿದ ಕೆಲವೇ ವಾರಗಳಲ್ಲಿ ಬೆಂಜಮಿನ್ ಜರ್ಮನಿ ತೊರೆದರು. ಪ್ಯಾರಿಸ್ ಅವರಿಗೆ ನೆಲೆಯಾಯಿತು. ಬಾಡಿಗೆ ಕೋಣೆಗಳನ್ನು ಬದಲಿಸುತ್ತ, ಬಡತನದೊಡನೆ ಸೆಣಸುತ್ತ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ವರ್ಷಗಟ್ಟಲೆ ಟಿಪ್ಪಣಿ ಮಾಡಿದರು. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನ ಗಾಜುಮಾಡಿನ ಅಂಗಡಿ ಓಣಿಗಳ ಮೂಲಕ ಆಧುನಿಕ ಬದುಕನ್ನು ಅರಿಯುವ ಬೃಹತ್ ಗ್ರಂಥ ಅವರ ಗುರಿಯಾಗಿತ್ತು. ಛಾಯಾಚಿತ್ರ, ಸಿನಿಮಾಗಳ ಯುಗದಲ್ಲಿ ಕಲಾಕೃತಿಗೆ ಏನಾಗುತ್ತದೆ ಎಂದು ವಿವೇಚಿಸಿದ ಅವರ ಪ್ರಸಿದ್ಧ ಪ್ರಬಂಧವೂ ಈ ವನವಾಸದ ಫಲವೇ.

1939ರಲ್ಲಿ ನಾಜಿ ಸರಕಾರ ಅವರ ಪೌರತ್ವವನ್ನು ಕಿತ್ತುಕೊಂಡಿತು. ಅದೇ ವರ್ಷ ಯುದ್ಧ ಆರಂಭವಾದಾಗ, ಜರ್ಮನಿಯಿಂದ ಬಂದವರೆಂಬ ಕಾರಣಕ್ಕೆ ಫ್ರಾನ್ಸ್ ಅವರನ್ನು ನೆವೇರ್ ಬಳಿಯ ಶಿಬಿರದಲ್ಲಿ ಕೂಡಿಹಾಕಿತು. ಹುಟ್ಟಿದ ದೇಶಕ್ಕೆ ಅವರು ಬೇಡವಾಗಿದ್ದರು; ಆಶ್ರಯ ಕೊಟ್ಟ ದೇಶಕ್ಕೆ ಶತ್ರುವಾದರು. ನವೆಂಬರ್‌ನಲ್ಲಿ ಬಿಡುಗಡೆಯಾಯಿತು. 1940ರ ಜೂನ್‌ನಲ್ಲಿ ಜರ್ಮನ್ ಸೇನೆ ಪ್ಯಾರಿಸ್ ಸಮೀಪಿಸಿದಾಗ, ಹಸ್ತಪ್ರತಿಗಳನ್ನು ಲೇಖಕ ಜಾರ್ಜ್ ಬಟಾಯ್ ಅವರಿಗೆ ಒಪ್ಪಿಸಿ ದಕ್ಷಿಣಕ್ಕೆ ಹೊರಟರು. ಬಟಾಯ್ ಅವನ್ನು ರಾಷ್ಟ್ರೀಯ ಗ್ರಂಥಾಲಯದಲ್ಲಿ ಬಚ್ಚಿಟ್ಟರು.

ಮಾರ್ಸೇಲ್ಸ್‌ನಲ್ಲಿ ಅಮೆರಿಕದ ವೀಸಾ ಕೈಸೇರಿತು. ಫ್ರಾನ್ಸ್ ಬಿಡಲು ಬೇಕಾದ ಪರವಾನಗಿ ಮಾತ್ರ ಸಿಗಲಿಲ್ಲ. ಜರ್ಮನಿ ಕೇಳಿದ ನಿರಾಶ್ರಿತರನ್ನು ಒಪ್ಪಿಸುವುದಾಗಿ ಕದನವಿರಾಮದ ಕರಾರಿನಲ್ಲಿ ಫ್ರಾನ್ಸ್ ಮಾತು ಕೊಟ್ಟಿತ್ತು. ಉಳಿದದ್ದು ಬೆಟ್ಟದ ಕಳ್ಳದಾರಿಯೊಂದೇ. ಸ್ಪೇನಿನ ಅಂತರ್ಯುದ್ಧದಲ್ಲಿ ಸೋತ ಗಣತಂತ್ರವಾದಿಗಳು 1939ರಲ್ಲಿ ಫ್ರಾನ್ಸಿಗೆ ಓಡಿಬಂದದ್ದೂ ಇದೇ ಬೆಟ್ಟಗಳನ್ನು ದಾಟಿ. ಈಗ ಓಟದ ದಿಕ್ಕು ಬದಲಾಗಿತ್ತು.

ಸೆಪ್ಟೆಂಬರ್ ಕೊನೆಯಲ್ಲಿ ಲಿಸಾ ಫಿಟ್ಕೊ ಎಂಬ ದಿಟ್ಟ ಮಹಿಳೆ ಬೆಂಜಮಿನ್ ಮತ್ತು ಸಂಗಡಿಗರಿಗೆ ದಾರಿ ತೋರಿಸಿದರು. ಅವರಿಗೆ ಹೃದ್ರೋಗವಿತ್ತು. ಹತ್ತು ನಿಮಿಷ ನಡೆದು ಒಂದು ನಿಮಿಷ ವಿರಮಿಸುವ ಲೆಕ್ಕದಲ್ಲಿ ಬೆಟ್ಟ ಏರಿದರು. ಜತೆಗೊಂದು ಭಾರವಾದ ಕಪ್ಪು ಚೀಲ. ಅದರಲ್ಲಿ ಪ್ರಾಣಕ್ಕಿಂತ ಹೆಚ್ಚೆಂದು ಅವರು ಭಾವಿಸಿದ್ದ ಹಸ್ತಪ್ರತಿ. ಅದು ಮುಂದೆ ಎಂದೂ ಪತ್ತೆಯಾಗಲಿಲ್ಲ.

ಪೋರ್ಟ್‌ಬೌ ತಲುಪಿದಾಗ ಸ್ಪೇನಿನ ಪೊಲೀಸರು ತಡೆದರು. ಫ್ರಾನ್ಸಿನ ಪರವಾನಗಿ ಇಲ್ಲದವರಿಗೆ ಪ್ರವೇಶವಿಲ್ಲ, ಮರುದಿನ ಹಿಂದಕ್ಕೆ ಕಳುಹಿಸಲಾಗುವುದು ಎಂದು ತಿಳಿಸಿದರು. ಹೋಟೆಲ್ ಕೋಣೆಯಲ್ಲಿ ಸೆಪ್ಟೆಂಬರ್ 26ರ ರಾತ್ರಿ ಬೆಂಜಮಿನ್ ಕೊನೆಯುಸಿರೆಳೆದರು. ವಯಸ್ಸು 48. ವೈದ್ಯರು ಮಿದುಳಿನ ರಕ್ತಸ್ರಾವವೆಂದು ಬರೆದರು. ಮಾರ್ಫಿನ್ ಸೇವಿಸಿ ಸಾವು ತಂದುಕೊಂಡರೆಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಸಂಗಡಿಗರಿಗೆ ಮುಂದೆ ಸಾಗಲು ಅನುಮತಿ ದೊರೆಯಿತು.

ದಾಖಲೆಯಲ್ಲಿ ಅವರ ಹೆಸರು ಹಿಂದುಮುಂದಾಗಿ ಬೆಂಜಮಿನ್ ವಾಲ್ಟರ್ ಎಂದಾಯಿತು. ಕ್ಯಾಥೊಲಿಕ್ ಸ್ಮಶಾನದ ಗೂಡೊಂದನ್ನು ಐದು ವರ್ಷಕ್ಕೆ ಬಾಡಿಗೆ ಪಡೆದು ದೇಹವಿರಿಸಲಾಯಿತು. ಅವಧಿ ಮುಗಿದ ಮೇಲೆ ಅಸ್ಥಿಗಳು ಸಾಮೂಹಿಕ ಗೋರಿ ಸೇರಿದವು. ತಿಂಗಳುಗಳ ನಂತರ ಹುಡುಕಿ ಬಂದ ಗೆಳತಿ ಹನ್ನಾ ಆರೆಂಟ್ ಅವರಿಗೆ ಸಮಾಧಿ ಕಾಣಸಿಗಲಿಲ್ಲ. ಆದರೆ ಇತಿಹಾಸದ ಪರಿಕಲ್ಪನೆಯ ಕುರಿತ ಬೆಂಜಮಿನ್ ಅವರ ಕೊನೆಯ ಬರಹ ಆಕೆಯ ಕೈಯಲ್ಲಿತ್ತು. ಅದು ಅಮೆರಿಕ ತಲುಪಿ 1942ರಲ್ಲಿ ಬೆಳಕು ಕಂಡಿತು. ಪ್ಯಾರಿಸ್ ಓಣಿಗಳ ಟಿಪ್ಪಣಿಗಳು 1982ರಲ್ಲಿ ಗ್ರಂಥರೂಪ ಪಡೆದವು.

ಇಸ್ರೇಲಿನ ಶಿಲ್ಪಿ ಡಾನಿ ಕರವಾನ್ ರೂಪಿಸಿದ ಸ್ಮಾರಕ 1994ರ ಮೇ 15ರಂದು ಉದ್ಘಾಟನೆಗೊಂಡಿತು. ಅದರ ಹೆಸರು ಪ್ಯಾಸೇಜಸ್. ಓಣಿ, ಪಯಣ, ದಾಟುವಿಕೆ ಎಲ್ಲವೂ ಆ ಒಂದೇ ಪದದಲ್ಲಿ ಅಡಗಿವೆ. ಖ್ಯಾತರ ನೆನಪಿಗಿಂತ ಹೆಸರಿಲ್ಲದವರ ನೆನಪನ್ನು ಗೌರವಿಸುವುದು ಕಷ್ಟ ಎಂಬ ಅವರ ವಿಚಾರವನ್ನು ಗಾಜಿನ ಮೇಲೆ ಕೆತ್ತಲಾಗಿದೆ. ಸ್ವಂತ ಹೆಸರೇ ತಪ್ಪಾಗಿ ದಾಖಲಾಗಿ, ಗುರುತಿಲ್ಲದವರ ನಡುವೆ ಮಣ್ಣಾದವರ ಸ್ಮಾರಕಕ್ಕೆ ಇದಕ್ಕಿಂತ ಸಲ್ಲುವ ಮಾತು ಬೇರೆ ಇರಲಾರದು. ಒಂದು ಮುದ್ರೆಯ ಕಾಗದವಿಲ್ಲದೆ ಗಡಿಗಳಲ್ಲಿ ತಡೆಹಿಡಿಯಲ್ಪಟ್ಟ ಎಲ್ಲರ ಪಾಲಿಗೂ ಆ ಮೆಟ್ಟಿಲುಗಳು ಸೇರಿವೆ.