ಜಾಯ್ ಆಡಮ್‌ಸನ್: ಸಾಕುವ ಮಮತೆ ಮತ್ತು ಬಿಟ್ಟುಕೊಡುವ ಶಿಸ್ತು

ತಾಯಿ ಸತ್ತ ಮೃಗಶಿಶುವನ್ನು ಮನುಷ್ಯನು ತಂದು ಸಾಕಿದ ಪ್ರಸಂಗ ಕನ್ನಡ ಓದುಗರಿಗೆ ಅಪರಿಚಿತವಲ್ಲ. ರಾಜ್ಯವನ್ನು ತೊರೆದು ತಪಸ್ಸಿಗೆ ನಿಂತ ಭಾಗವತದ ಭರತನು, ಸಿಂಹದ ಗರ್ಜನೆಗೆ ಬೆದರಿ ಪ್ರಾಣಬಿಟ್ಟ ಹುಲ್ಲೆಯ ಮರಿಯನ್ನು ಹೊಳೆಯಿಂದೆತ್ತಿ ಸಲಹಿದನು. ಅದರ ಮೇಲಿನ ಮೋಹದಲ್ಲಿಯೇ ಸತ್ತು ಮರುಜನ್ಮದಲ್ಲಿ ಜಿಂಕೆಯಾದನು. ಕರುಣೆಯಿಂದ ಆರಂಭವಾದ ಪಾಲನೆ ಯಾವ ಹಂತದಲ್ಲಿ ಮೋಹವಾಗಿ ಮಾರ್ಪಡುತ್ತದೆ ಎಂಬುದು ಆ ಕಥೆ ಎತ್ತುವ ಪ್ರಶ್ನೆ. ಇಪ್ಪತ್ತನೆಯ ಶತಮಾನದಲ್ಲಿ ಇದೇ ಪ್ರಶ್ನೆಯನ್ನು ಆಫ್ರಿಕದ ಕೀನ್ಯಾದಲ್ಲಿ ಎದುರಿಸಿದವರು ಜಾಯ್ ಆಡಮ್‌ಸನ್. ಅವರ ಬದುಕನ್ನು ಈ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜಾಯ್ ಅವರ ಹುಟ್ಟುಹೆಸರು ಫ್ರೀಡರಿಕೆ ವಿಕ್ಟೋರಿಯಾ ಗೆಸ್ನರ್. 1910ರ ಜನವರಿ 20ರಂದು, ಅಂದಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಟ್ರೊಪ್ಪಾವು ಪಟ್ಟಣದಲ್ಲಿ ಅವರು ಜನಿಸಿದರು. ಅದು ಇಂದು ಚೆಕ್ ಗಣರಾಜ್ಯಕ್ಕೆ ಸೇರಿದ ಓಪಾವಾ. ತಂದೆತಾಯಿಗಳು ಬೇರೆಯಾದ ಮೇಲೆ ವಿಯೆನ್ನಾದಲ್ಲಿ ಅಜ್ಜಿಯ ಆಶ್ರಯದಲ್ಲಿ ಬೆಳೆದರು. ಸಂಗೀತ, ಶಿಲ್ಪಕಲೆಗಳನ್ನು ಅಭ್ಯಾಸಮಾಡಿದರು. 1937ರಲ್ಲಿ ಕೀನ್ಯಾಕ್ಕೆ ಪ್ರಯಾಣ ಹೊರಟಾಗ ಸ್ವಿಸ್ ಸಸ್ಯಶಾಸ್ತ್ರಜ್ಞ ಪೀಟರ್ ಬ್ಯಾಲಿ ಅವರ ಪರಿಚಯವಾಯಿತು. ಮೊದಲ ವಿವಾಹ ಮುರಿದುಬಿದ್ದು, ಮರುವರ್ಷ ಬ್ಯಾಲಿ ಅವರನ್ನು ವರಿಸಿದರು. ಜಾಯ್ ಎಂಬ ಹೆಸರನ್ನಿಟ್ಟವರೂ ಅವರೇ. ಕೀನ್ಯಾದ ಹೂಗಿಡಗಳನ್ನು ಚಿತ್ರಿಸುವ ಕೆಲಸ ಈ ಕಾಲದಲ್ಲಿ ಆರಂಭವಾಯಿತು. ಮುಂದೆ ಅಲ್ಲಿನ ವಿವಿಧ ಬುಡಕಟ್ಟುಗಳ ಜನರ ಭಾವಚಿತ್ರಗಳನ್ನೂ ಅವರು ರಚಿಸಿದರು. ಪ್ರತಿಯೊಂದು ಜೀವವನ್ನೂ ಬಿಡಿಯಾಗಿ, ಅದರ ವಿಶಿಷ್ಟ ರೂಪದಲ್ಲಿ ನೋಡುವ ಅವರ ಅಭ್ಯಾಸ ಈ ಚಿತ್ರಗಳಲ್ಲಿಯೇ ಕಾಣುತ್ತದೆ.

1944ರಲ್ಲಿ ಜಾಯ್ ಅವರು ಜಾರ್ಜ್ ಆಡಮ್‌ಸನ್ ಅವರನ್ನು ವಿವಾಹವಾದರು. ಭಾರತದ ಇಟಾವಾದಲ್ಲಿ 1906ರಲ್ಲಿ ಹುಟ್ಟಿದ ಜಾರ್ಜ್, ಕೀನ್ಯಾದ ಉತ್ತರ ಗಡಿಪ್ರಾಂತದಲ್ಲಿ ವನ್ಯಜೀವಿ ಅಧಿಕಾರಿಯಾಗಿದ್ದರು. ಕಾಡುಪ್ರಾಣಿಗಳನ್ನು ಕಳ್ಳಬೇಟೆಯಿಂದ ರಕ್ಷಿಸುವುದು, ಜನ-ದನಗಳನ್ನು ಕೊಲ್ಲುವ ಪ್ರಾಣಿಯನ್ನು ಗುಂಡಿಟ್ಟು ಕೊಲ್ಲುವುದು ಇವೆರಡೂ ಅವರ ಕರ್ತವ್ಯಗಳಾಗಿದ್ದವು. ಈ ಇಬ್ಬಂದಿತನದಿಂದಲೇ ಎಲ್ಸಾಳ ಕಥೆ ಹುಟ್ಟಿತು. 1956ರ ಫೆಬ್ರವರಿ 1ರಂದು, ನರಭಕ್ಷಕ ಸಿಂಹವೊಂದನ್ನು ಅರಸಿ ಹೋದ ಜಾರ್ಜ್ ಅವರಿಗೆ ಮೇಲೆರಗಿ ಬಂದ ಹೆಣ್ಣುಸಿಂಹವನ್ನು ಕೊಲ್ಲಬೇಕಾಯಿತು. ಸಮೀಪದ ಬಂಡೆಯ ಸೀಳಿನಲ್ಲಿ ಮೂರು ಹೆಣ್ಣುಮರಿಗಳು ದೊರೆತವು. ಆ ತಾಯಿ ಮೇಲೆರಗಿದ್ದು ಮರಿಗಳನ್ನು ಕಾಪಾಡಲೆಂದು ಎಂಬುದು ಆಮೇಲಷ್ಟೇ ತಿಳಿಯಿತು. ಮರಿಗಳನ್ನು ಅನಾಥಗೊಳಿಸಿದ ಮನೆಯೇ ಅವುಗಳ ಆಶ್ರಯವೂ ಆಯಿತು.

ಮರಿಗಳು ಇನ್ನೂ ಸರಿಯಾಗಿ ಕಣ್ಣುಬಿಟ್ಟಿರಲಿಲ್ಲ. ಮೊದಲ ಎರಡು ದಿನ ಅವು ಹಾಲನ್ನು ಮುಟ್ಟಲಿಲ್ಲ. ಬಳಿಕ, ಸಕ್ಕರೆ ಬೆರೆಸದ ಡಬ್ಬಿಹಾಲನ್ನು ನೀರಾಗಿಸಿ, ಅದಕ್ಕೆ ಮೀನೆಣ್ಣೆ, ಗ್ಲೂಕೋಸ್, ಮೂಳೆಪುಡಿ, ಉಪ್ಪುಗಳನ್ನು ಸೇರಿಸಿ ಕುಡಿಸಲಾಯಿತು. ಜಾಯ್ ಅವರು ಅದುವರೆಗೆ ಸಾಕಿದ್ದ, ಮೊಲದ ಗಾತ್ರದ ಹೈರಾಕ್ಸ್ ಎಂಬ ಪ್ರಾಣಿಯೊಂದು ಈ ಮರಿಗಳಿಗೆ ದಾದಿಯಂತೆ ಒಡನಾಡಿಯಾಯಿತು. ಆದರೆ ಮೂರು ಸಿಂಹಗಳನ್ನು ಮನೆಯಲ್ಲಿ ಬೆಳೆಸುವುದು ಅಸಾಧ್ಯವೆಂದು ಅರಿತು, ಸುಮಾರು ಐದು ತಿಂಗಳಾದಾಗ ದೊಡ್ಡ ಮರಿಗಳೆರಡನ್ನು ಹಾಲೆಂಡಿನ ರಾಟರ್‌ಡ್ಯಾಮ್ ಮೃಗಾಲಯಕ್ಕೆ ಕಳುಹಿಸಿದರು. ಎಲ್ಲಕ್ಕಿಂತ ಚಿಕ್ಕದಾದ ಎಲ್ಸಾ ಮಾತ್ರ ಉಳಿಯಿತು. ಎಲ್ಸಾಳ ಸ್ವಾತಂತ್ರ್ಯವನ್ನು ಕೊಂಡಾಡುವಾಗ, ಅದರ ಒಡಹುಟ್ಟುಗಳಿಗೆ ಅದು ದಕ್ಕಲಿಲ್ಲವೆಂಬುದನ್ನು ಮರೆಯಲಾಗದು.

ಎಲ್ಸಾ ಪ್ರಾಯಕ್ಕೆ ಬಂದಾಗ ಜಾಯ್ ದಂಪತಿಗಳು ಅದನ್ನು ಕಾಡಿಗೆ ಮರಳಿಸಲು ನಿರ್ಧರಿಸಿದರು. ಮೊದಲು ಬಿಟ್ಟ ಪ್ರದೇಶದ ಹವೆ ಒಗ್ಗದೆ ಎಲ್ಸಾ ಕಾಯಿಲೆಬಿದ್ದಿತು. ಅನಂತರ, ಅದು ಹುಟ್ಟಿದ ನೆಲದ ಹವಾಗುಣವನ್ನೇ ಹೋಲುವ ಮೇರು ಪ್ರದೇಶದ ಊರಾ ನದಿಯ ದಂಡೆಯನ್ನು ಆರಿಸಿದರು. ಸಿಂಹದ ಮರಿ ಬೇಟೆಯನ್ನು ಕಲಿಯುವುದು ತಾಯಿಯಿಂದ. ಆ ತಾಯಿಯನ್ನು ಕಳೆದುಕೊಂಡ ಎಲ್ಸಾಳಿಗೆ, ಕೊಂದ ಪ್ರಾಣಿಯನ್ನು ಎಳೆಯುವುದು, ಬಗೆಯುವುದು, ಹದ್ದುಗಳಿಂದ ಕಾಯುವುದು ಎಲ್ಲವನ್ನೂ ಹಂತಹಂತವಾಗಿ ರೂಢಿಮಾಡಿಸಬೇಕಾಯಿತು. ಹಲವು ದಿನ ಒಂಟಿಯಾಗಿ ಬಿಟ್ಟು ಹಸಿವಿಗೆ ಒಡ್ಡಬೇಕಾಯಿತು. ಹಾಲುಣಿಸಿದ ಕೈಗೆ ಇದು ಹೆಚ್ಚು ಕಠಿಣವಾದ ಕೆಲಸವಾಗಿತ್ತು. 1959ರ ಡಿಸೆಂಬರಿನಲ್ಲಿ ಎಲ್ಸಾ ಕಾಡಿನ ಗಂಡುಸಿಂಹವೊಂದರಿಂದ ಮೂರು ಮರಿಗಳನ್ನು ಹೆತ್ತು, ಕೆಲವು ವಾರಗಳ ಬಳಿಕ ಅವುಗಳನ್ನು ಬಿಡಾರಕ್ಕೆ ಕರೆತಂದಿತು. ಆ ಮರಿಗಳನ್ನು ಪಳಗಿಸಬಾರದೆಂಬ ಸಂಯಮವನ್ನು ಜಾಯ್ ಪಾಲಿಸಿದರು. ಅವರ ಜೀವನದ ಅತ್ಯಂತ ಮಹತ್ವದ ನಿರ್ಧಾರ ಇದೇ ಎನ್ನಬಹುದು.

ಈ ಅನುಭವವನ್ನು ನಿರೂಪಿಸುವ 'ಬಾರ್ನ್ ಫ್ರೀ' 1960ರಲ್ಲಿ ಪ್ರಕಟವಾಗಿ ಜಗತ್ಪ್ರಸಿದ್ಧವಾಯಿತು. ಮರುವರ್ಷದ ಜನವರಿ 24ರಂದು, ಉಣ್ಣೆಗಳಿಂದ ಹರಡುವ ಬಬೀಸಿಯಾ ರೋಗಕ್ಕೆ ತುತ್ತಾಗಿ ಎಲ್ಸಾ ಸತ್ತಿತು. ಒಂದು ವರ್ಷವಷ್ಟೇ ತುಂಬಿದ್ದ ಮರಿಗಳು ಹಳ್ಳಿಗರ ಆಡುಗಳ ಮೇಲೆ ಬಿದ್ದವು. ಅವುಗಳಲ್ಲಿ ಜೆಸ್ಪಾ ಎಂಬ ಮರಿಗೆ ಬಾಣವೂ ತಗುಲಿತು. ಕಾಡಂಚಿನ ಪಶುಪಾಲಕರಿಗೆ ಒಂದು ಆಡು ಜೀವನಾಧಾರವೇ ಆಗಿತ್ತು. ಅವರ ಪಾಲಿಗೆ ಅವು ಎಲ್ಸಾಳ ಮಕ್ಕಳಲ್ಲ, ಕೇವಲ ಸಿಂಹಗಳು. 1961ರಲ್ಲಿ ಮರಿಗಳನ್ನು ಹಿಡಿದು ಸೆರೆಂಗೆಟಿಗೆ ಸಾಗಿಸಲಾಯಿತು. ಬಳಿಕ ಜಾಯ್ ಅವರು ತಿಂಗಳುಗಟ್ಟಲೆ ಅವುಗಳಿಗಾಗಿ ಹುಡುಕಿದರು. ಬಿಟ್ಟುಕೊಡುವ ಶಿಸ್ತು ಒಮ್ಮೆಗೇ ಸಿದ್ಧಿಸುವಂಥದಲ್ಲ ಎಂಬುದಕ್ಕೆ ಆ ಹುಡುಕಾಟವೇ ಸಾಕ್ಷಿ.

ಮುಂದೆ ಜಾಯ್ ಅವರು ಪಿಪ್ಪಾ ಎಂಬ ಚೀತಾವನ್ನೂ ಪೆನ್ನಿ ಎಂಬ ಚಿರತೆಯನ್ನೂ ಇದೇ ಬಗೆಯಲ್ಲಿ ಕಾಡಿಗೆ ಮರಳಿಸಿದರು. ಪುಸ್ತಕಗಳಿಂದ ಬಂದ ಹಣವನ್ನು ವನ್ಯಜೀವಿ ಸಂರಕ್ಷಣೆಗೆ ವಿನಿಯೋಗಿಸಿದರು. ಇತ್ತ ಜಾರ್ಜ್ ಅವರು ಕಾಡಿಗೆ ಮರಳಿಸಲು ಯತ್ನಿಸಿದ ಸಿಂಹಗಳಲ್ಲೊಂದು 1971ರಲ್ಲಿ ಅವರ ಸಹಾಯಕನನ್ನೇ ಕೊಂದಿತು. ಜಾರ್ಜ್ ಅವರು ಅದನ್ನು ಗುಂಡಿಟ್ಟು ಕೊಲ್ಲಬೇಕಾಯಿತು. ಮನುಷ್ಯನ ಭಯವನ್ನು ಕಳೆದುಕೊಂಡ ಮೃಗದ ಅಪಾಯವನ್ನು ಈ ಘಟನೆ ತೋರಿಸಿತು. 1980ರ ಜನವರಿ 3ರಂದು ಶಾಬಾ ಅಭಯಾರಣ್ಯದಲ್ಲಿ ಜಾಯ್ ಅವರ ದೇಹ ಪತ್ತೆಯಾದಾಗ, ಸಿಂಹವೇ ಕೊಂದಿತೆಂದು ಮೊದಲು ಭಾವಿಸಲಾಯಿತು. ಅವರು ಇರಿತದಿಂದ ಸತ್ತರೆಂಬುದು ತನಿಖೆಯಲ್ಲಿ ತಿಳಿದುಬಂದು, ಅವರ ಬಳಿ ಹಿಂದೆ ಕೆಲಸಕ್ಕಿದ್ದ ಒಬ್ಬನಿಗೆ ಶಿಕ್ಷೆಯಾಯಿತು. ಅವರ ಚಿತಾಭಸ್ಮ ಮೇರುವಿನಲ್ಲಿ ಎಲ್ಸಾ ಮತ್ತು ಪಿಪ್ಪಾಗಳ ಸಮಾಧಿಗಳಲ್ಲಿ ಸೇರಿದೆ.

ಕಾಡಿಗೆ ಮರಳಬೇಕಾದ ಮರಿಗೆ ಮನುಷ್ಯಸಂಪರ್ಕ ಆದಷ್ಟು ಕಡಿಮೆಯಿರಬೇಕೆಂದು ಇಂದಿನ ಸಂರಕ್ಷಣಾ ವಿಜ್ಞಾನ ಹೇಳುತ್ತದೆ. ಈ ಮಾನದಂಡದಿಂದ ನೋಡಿದರೆ ಜಾಯ್ ಅವರ ಪ್ರಯೋಗದಲ್ಲಿ ಕೊರತೆಗಳಿವೆ. ಆದರೂ ಭರತನ ಕಥೆಯಲ್ಲಿ ಇಲ್ಲದ ಒಂದು ಸಾಧ್ಯತೆಯನ್ನು ಅವರ ಬದುಕು ತೆರೆದಿಟ್ಟಿದೆ. ಪ್ರೀತಿಯನ್ನು ತೊರೆಯದೆಯೂ ಸಾಕಿದ ಜೀವದ ಮೇಲಿನ ಹಕ್ಕನ್ನು ತೊರೆಯಬಹುದು. ಅನಾಥ ಮೃಗಶಿಶುವನ್ನು ಉಳಿಸುವ ಕಾರ್ಯವು ಅದು ಬದುಕಿದಲ್ಲಿಗೆ ಮುಗಿಯುವುದಿಲ್ಲ. ಸಾಕಿದವರ ಅಗತ್ಯ ಅದಕ್ಕೆ ಇಲ್ಲವಾದಾಗಲೇ ಪೂರ್ಣವಾಗುತ್ತದೆ.